ಮೂರು, ಒಂಬತ್ತು ಯಾರ ಪಾಲು

ಫೆಬ್ರವರಿ 9

ತಮ್ಮನಿಗೆ ಅಕ್ಕನ ಆಶೀರ್ವಾದ.

ಅಪ್ಪ ಹೋದ ಮೇಲೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು. ಗಾಬರಿ ಬೇಡ, ಇಲ್ಲಿ ಎಲ್ಲರೂ ಆರೋಗ್ಯ. ಎಲ್ಲರೂ ಎಂದರೆ ನಾನು ಮತ್ತು ಗೋಡೆ ಗಡಿಯಾರ. ಅದೂ ಈಚೆಗೆ ಸ್ವಲ್ಪ ನಿಧಾನವಾಗಿದೆ.

ಮನೆ ಮಾಲೀಕರು ಸುಣ್ಣ ಹೊಡೆಸುತ್ತಿದ್ದಾರೆ. ಅಪ್ಪನ ಮಂಚ ಸರಿಸಿದಾಗ ಕೆಳಗೆ ಅವರ ತಗಡಿನ ಪೆಟ್ಟಿಗೆ ಸಿಕ್ಕಿತು. ಅದರಲ್ಲಿ ನಿವೃತ್ತಿಯ ದಿನ ಪ್ರೆಸ್ಸಿನವರು ಕೊಟ್ಟ ನಂಬರ್ ಒತ್ತುವ ಕೈಮಷೀನು, ಗಟ್ಟಿಗನ ಲೆಕ್ಕದ ನಮ್ಮಿಬ್ಬರ ನೋಟ್‌ಬುಕ್ಕುಗಳು, ಅವುಗಳ ಅಡಿಯಲ್ಲಿ ಒಂದು ಕವರು.

ಗಟ್ಟಿಗನನ್ನು ನೀನು ಮರೆತಿರಲಾರೆ. ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಟಿಕೆಟ್‌ಗಳ ಮೇಲೆ ಕ್ರಮಸಂಖ್ಯೆ ಒತ್ತಿದ ಅಪ್ಪ ಕೆಲಸದ ಕೊನೆಯ ದಿನ ಒಂದು ಚೀಟಿ ತಂದು ನಮ್ಮ ಮುಂದೆ ಇಟ್ಟರಲ್ಲ. 3,51,26,941. "ಕೊನೇ ಹಾಳೇಲಿ ಇವನು ಬಂದ. ನನ್ನ ಕೈಲಿ ಮುರಿಯೋಕಾಗ್ಲಿಲ್ಲ. ಇವನನ್ನ ಭಾಗಿಸೋ ಸಂಖ್ಯೆ ಒಂದಾದ್ರೂ ಇದೆಯಾ, ಇಲ್ಲ ಇವನು ಗಟ್ಟಿಗನಾ, ನೀವಿಬ್ರೂ ಸೇರಿ ನೋಡಿ ಹೇಳಿ. ಲೆಕ್ಕದ ಮಷೀನು ಮುಟ್ಟಬೇಡಿ. ಅಷ್ಟು ವರ್ಷ ನಂಬರ್ ಒತ್ತಿದೆ, ಪ್ರೆಸ್ಸಿನ ಮಷೀನಿಗೆ ಒಂದು ನಂಬರಿನ ಪರಿಚಯಾನೂ ಆಗಲಿಲ್ಲ" ಎಂದರು. ನಾನು ಇಲ್ಲಿ ಅಂಚೆ ಪಾರ್ಸಲ್ ಆಫೀಸಿನ ತೂಕದ ಕಿಟಕಿಯಲ್ಲಿ, ನೀನು ಅಲ್ಲಿ ಲೆಕ್ಕದ ಮೇಷ್ಟ್ರು. 5926ರ ತನಕ ಅವಿಭಾಜ್ಯಗಳನ್ನು ಮಾತ್ರ ನೋಡಿದರೆ ಸಾಕು, ವರ್ಗಮೂಲ ಅಲ್ಲಿಗೆ ನಿಲ್ಲುತ್ತದೆ ಎಂದು ನೀನೇ ಹೇಳಿಕೊಟ್ಟೆ. ಎರಡು ಮತ್ತು ಐದನ್ನು ಬಿಟ್ಟರೆ ಒಟ್ಟು ಏಳುನೂರ ಎಪ್ಪತ್ತಾರು ಭಾಗಾಕಾರ. ಒಂದರಲ್ಲಿ, ಏಳರಲ್ಲಿ ಮುಗಿಯುವವು ನನಗೆ. ಮೂರರಲ್ಲಿ, ಒಂಬತ್ತರಲ್ಲಿ ಮುಗಿಯುವವು ನಿನಗೆ. ಮೂರರವು ನನಗೆ ಬೇಕಿತ್ತು, ಚಿಕ್ಕವನು ಕೇಳಿದ ಎಂದು ಬಿಟ್ಟುಕೊಟ್ಟೆ.

ಈಗ ಕವರಿನ ವಿಷಯ. ಒಳಗೆ ಅದೇ ಕೈಮಷೀನಿನಲ್ಲಿ ಒತ್ತಿದ ಮೂರು ಚೀಟಿ. ಒಂದರಲ್ಲಿ ಗಟ್ಟಿಗ. ಇನ್ನೊಂದರಲ್ಲಿ 4673. ಮತ್ತೊಂದರಲ್ಲಿ 7517. ಸುಮ್ಮನೆ ಕುತೂಹಲಕ್ಕೆ ಎರಡನ್ನೂ ಗುಣಿಸಿದೆ. ಗಟ್ಟಿಗನೇ ಬಂದ, ಒಂದು ಅಂಕಿಯೂ ಆಚೀಚೆ ಇಲ್ಲ.

ಅವನು ಕೊನೆಯ ಹಾಳೆಯಲ್ಲಿ ಬಂದವನಲ್ಲ, ಅಪ್ಪ ಕೂತು ಮಾಡಿದವನು! 4673 ಮೂರರಲ್ಲಿ ಮುಗಿಯುತ್ತದೆ ಮೇಷ್ಟ್ರೇ, ನಿಮ್ಮ ಪಾಲು. ಎಲ್ಲೋ ಕೈತಪ್ಪಿದೆ. ಮಕ್ಕಳ ಕಿವಿ ಹಿಂಡುವ ಮೇಷ್ಟ್ರ ಕಿವಿ ಯಾರು ಹಿಂಡಬೇಕು ಎಂದು ನಗು ಬಂತು.

ಆಮೇಲೆ ನಗು ನಿಂತಿತು. ನಾವಿಬ್ಬರೂ ಅವರ ಮುಂದೆ ನಿಂತು "ಯಾವುದೂ ಭಾಗಿಸಲ್ಲ ಅಪ್ಪಾ" ಎಂದ ದಿನ ಅವರಿಗೆ ಉತ್ತರ ಗೊತ್ತಿತ್ತು. ಕಣ್ಣಿಗೆ ಪೊರೆ ಬಂದು ನಮ್ಮ ನೋಟ್‌ಬುಕ್ಕು ಓದಲಾಗುತ್ತಿರಲಿಲ್ಲ, ಸರಿ. ಬಾಯಿ ಬಿಟ್ಟು ಯಾಕೆ ಹೇಳಲಿಲ್ಲ?

ಮಗುವಿಗೆ ಅತ್ತೆಯ ಮುತ್ತು.

ನಿನ್ನ ಅಕ್ಕ


ಫೆಬ್ರವರಿ 21

ಅಕ್ಕನಿಗೆ ನಮಸ್ಕಾರ.

ನಿನ್ನ ಪತ್ರ ನೋಡಿ ಸಂತೋಷವೂ ಆಯಿತು, ನಾಚಿಕೆಯೂ ಆಯಿತು. ನೀನು ಹೇಳಿದಂತೆ ಕೈತಪ್ಪಿರಬೇಕು. ನಾನೂರಕ್ಕೆ ಹತ್ತಿರ ಭಾಗಾಕಾರ ಮಾಡಿದವನಿಗೆ ಒಂದು ತಪ್ಪು ಮಾಫಿ ಇಲ್ಲವೇ? ನಮ್ಮ ಪರೀಕ್ಷೆಯಲ್ಲಿ ಆ ಲೆಕ್ಕಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಅಂಕ ಬರುತ್ತದೆ.

ಅಪ್ಪ ಯಾಕೆ ಸುಮ್ಮನಿದ್ದರು ಎಂದು ಹೆಚ್ಚು ಯೋಚಿಸಬೇಡ. ನಮ್ಮ ಉತ್ಸಾಹ ಮುರಿಯುವುದು ಬೇಡ ಎಂದುಕೊಂಡಿರಬಹುದು. ಮರೆತೂ ಇರಬಹುದು, ವಯಸ್ಸಾಗಿತ್ತಲ್ಲ.

ಗಟ್ಟಿಗ ನನ್ನ ತರಗತಿಯಲ್ಲಿ ಕಪ್ಪುಹಲಗೆಯ ಮೇಲಿನ ಗೋಡೆಯಲ್ಲಿ ಈಗಲೂ ಇದ್ದಾನೆ. 'ಇದನ್ನು ಯಾವುದೂ ಭಾಗಿಸದು' ಎಂದು ಕೆಳಗೆ ಬಣ್ಣದಲ್ಲಿ ಬರೆಸಿದ್ದೆ. ರಜೆಯಲ್ಲಿ ಅಳಿಸಿಬಿಡುತ್ತೇನೆ. ಹಳೆಯ ನೋಟ್‌ಬುಕ್ಕು ಇಟ್ಟುಕೊಂಡು ಏನು ಮಾಡುತ್ತೀಯ, ಸುಣ್ಣದವರ ಕಸದ ಜೊತೆ ಹಾಕಿಬಿಡು.

ಇಂತಿ ನಿನ್ನ ತಮ್ಮ


ಮಾರ್ಚ್ 8

ತಮ್ಮಾ,

ನೋಟ್‌ಬುಕ್ಕನ್ನು ಕಸಕ್ಕೆ ಹಾಕು ಎಂದು ನೀನು ಬರೆಯದೇ ಇದ್ದಿದ್ದರೆ ನಾನು ತೆರೆಯುತ್ತಲೇ ಇರಲಿಲ್ಲ.

ಪ್ರತಿ ಅವಿಭಾಜ್ಯದ ಎದುರು ಶೇಷ ಬರೆಯಬೇಕು ಎನ್ನುವುದು ನಾವೇ ಮಾಡಿಕೊಂಡ ನಿಯಮ. ಮಧ್ಯಾಹ್ನ ಊಟದ ಬಿಡುವಿನಲ್ಲಿ ತೂಕದ ಕಿಟಕಿ ಮುಚ್ಚಿ, ಹಾಳಾದ ಫಾರಂಗಳ ಹಿಂಬದಿಯಲ್ಲಿ ನಿನ್ನ ಶೇಷಗಳನ್ನು ಒಂದೊಂದಾಗಿ ನೋಡುತ್ತ ಬಂದೆ. 3ಕ್ಕೆ 1, ಸರಿ. 13ಕ್ಕೆ 5, ಸರಿ. 1009ಕ್ಕೆ 624, ಅದೂ ಸರಿ. ಅಷ್ಟು ಅಚ್ಚುಕಟ್ಟಾದ ಅಕ್ಷರ ನೋಡಿ ನನ್ನ ತಮ್ಮ ಎಂದು ಹೆಮ್ಮೆಯೂ ಆಯಿತು. 1283ರ ತನಕ ಒಂದೂ ತಪ್ಪಿಲ್ಲ.

1289ಕ್ಕೆ 402 ಬರಬೇಕು. ನೀನು ಬರೆದದ್ದು 517. ಒಂದು ತಪ್ಪು ಎಂದುಕೊಂಡು ಮುಂದೆ ಹೋದೆ. ಅದರ ಮುಂದಿನದೂ ತಪ್ಪು. ಅದರಾಚೆಯದೂ. ಮೂವತ್ತು ನೋಡಿದೆ, ಮೂವತ್ತೂ ಸುಳ್ಳು. 3253ರ ಎದುರು 3410 ಎಂದು ಬರೆದಿದ್ದೀಯ. ಭಾಗಿಸಿದ ಸಂಖ್ಯೆಗಿಂತ ಉಳಿದದ್ದು ದೊಡ್ಡದು! ಐದನೇ ತರಗತಿಯ ಮಗು ಹೀಗೆ ಬರೆದರೆ ನೀನು ಬೆಂಚಿನ ಮೇಲೆ ನಿಲ್ಲಿಸುತ್ತೀಯ. 4673ರ ಎದುರು 1846. ಅಲ್ಲಿ ಸೊನ್ನೆ ಬರಬೇಕಿತ್ತು.

ಕೈತಪ್ಪಿದ್ದಲ್ಲ ಇದು. ನೀನು ಭಾಗಿಸಲೇ ಇಲ್ಲ. ಬಾಯಿಗೆ ಬಂದ ಸಂಖ್ಯೆಗಳನ್ನು ಬರೆದುಕೊಂಡು ಹೋಗಿದ್ದೀಯ. ಆ ತಿಂಗಳುಗಳಲ್ಲೆಲ್ಲ ವಾರಕ್ಕೊಂದು ಪತ್ರ ಬರೆದೆಯಲ್ಲ, "ಅಕ್ಕಾ, ಈ ವಾರ ಹತ್ತು ಮುಗಿಸಿದೆ, ಬೆರಳು ನೋಯುತ್ತಿದೆ" ಎಂದು, ಅದನ್ನು ನಾನು ಅಪ್ಪನಿಗೆ ಓದಿ ಹೇಳುತ್ತಿದ್ದೆ. ಅವರು "ಪಾಪ, ಅವನಿಗೆ ಸ್ಕೂಲಿನ ಕೆಲಸ ಬೇರೆ" ಎನ್ನುತ್ತಿದ್ದರು.

ಇನ್ನೊಂದು ವಿಷಯ ತಿಳಿದುಕೊ. ಪೆಟ್ಟಿಗೆಯ ತಳದಲ್ಲಿ ನಮ್ಮ ಹತ್ತನೇ ತರಗತಿಯ ಹಾಲ್ ಟಿಕೆಟ್‌ಗಳಿದ್ದವು. ನನ್ನದರ ನಂಬರ್ 4673. ನಿನ್ನದು 7517. ಪರೀಕ್ಷೆಯ ದಿನ ಬೆಳಿಗ್ಗೆ ಅಪ್ಪ ನನ್ನ ಟಿಕೆಟ್ ಹಿಡಿದು, "ನಿನ್ನ ನಂಬರು ಗಟ್ಟಿ ಕಣೇ, ಯಾರೂ ಮುರಿಯೋಕಾಗಲ್ಲ, ಹೋಗಿ ಬರಿ" ಎಂದಿದ್ದು ಈಗ ನೆನಪಾಗುತ್ತಿದೆ. ನಿನಗೂ ಅದನ್ನೇ ಹೇಳಿರುತ್ತಾರೆ. ಆ ಎರಡನ್ನು ಗುಣಿಸಿ ಗಟ್ಟಿಗನನ್ನು ಮಾಡಿದರು. ಅಮ್ಮ ಹೋದ ಮೇಲೆ ನಾವಿಬ್ಬರೂ ಹೊಸ ವರ್ಷಕ್ಕೊಂದು ಕಾರ್ಡು ಹಾಕಿ ಸುಮ್ಮನಾಗುತ್ತಿದ್ದೆವು. ತಿಂಗಳುಗಟ್ಟಲೆ ನಾವು ಒಬ್ಬರಿಗೊಬ್ಬರು ಬರೆಯುವಂತೆ ಮಾಡಿ, ಕೊನೆಗೆ ಅದರೊಳಗೆ ನಾವೇ ನಮಗೆ ಸಿಗಲಿ ಎಂದು ಕಾದಿದ್ದರು.

ಕಾಗದದಲ್ಲಿ ಜಗಳವಾಡಲು ನನಗೆ ಬರುವುದಿಲ್ಲ. ಯಾಕೆ ಹೀಗೆ ಮಾಡಿದೆ, ಅಷ್ಟು ಹೇಳು.

ನಿನ್ನ ಅಕ್ಕ


ಮಾರ್ಚ್ 30

ಅಕ್ಕಾ,

ಮೂರು ಸಲ ಬರೆದು ಹರಿದೆ. ನೀನು ಹೇಳಿದ್ದೆಲ್ಲ ನಿಜ.

1283 ಮುಗಿಸಿದ ವಾರ ಮಗುವಿಗೆ ಜ್ವರ. ಶಾಲೆಯಲ್ಲಿ ಉತ್ತರಪತ್ರಿಕೆಗಳ ರಾಶಿ. ಒಂದು ವಾರ ಬಿಟ್ಟೆ. ನಿನಗೆ ಬರೆಯಬೇಕಿತ್ತಲ್ಲ, ಹತ್ತು ಮುಗಿಸಿದೆ ಎಂದು ಬರೆದೆ. ಮುಂದಿನ ವಾರ ಮಾಡಿ ಸರಿದೂಗಿಸೋಣ ಎಂದುಕೊಂಡೆ, ಆಗಲಿಲ್ಲ. ಇಪ್ಪತ್ತಾಯಿತು, ನಲವತ್ತಾಯಿತು. ಅಷ್ಟು ದೂರ ಏನೂ ಸಿಗದ ಮೇಲೆ ಮುಂದೆ ಸಿಗುವ ಸಂಭವ ಕಡಿಮೆ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಅವನು ಗಟ್ಟಿಗನೇ ಇರುತ್ತಾನೆ, ಉತ್ತರ ಹೇಗಿದ್ದರೂ ಸರಿಯೇ ಆಗುತ್ತದೆ, ಯಾರಿಗೆ ನಷ್ಟ ಎಂದುಕೊಂಡೆ. ಒಂದು ಭಾನುವಾರ ಕೂತು ಉಳಿದದ್ದನ್ನೆಲ್ಲ ಒಟ್ಟಿಗೆ ತುಂಬಿದೆ. ಒಂದು ಗಂಟೆಯೂ ಬೇಕಾಗಲಿಲ್ಲ.

ಆ ಹಾಲ್ ಟಿಕೆಟ್‌ಗಳ ವಿಷಯ ನನಗೆ ಗೊತ್ತಿರಲಿಲ್ಲ. ಓದಿದ ಮೇಲೆ ಎರಡು ದಿನ ತರಗತಿಗೆ ಹೋಗಲು ಆಗಲಿಲ್ಲ.

ನೀನು ದೊಡ್ಡವಳು. ಬೈದುಬಿಡು, ಆಮೇಲೆ ಹೊಟ್ಟೆಗೆ ಹಾಕಿಕೊ. ಅಪ್ಪ ಬದುಕಿಲ್ಲ, ಇದರಿಂದ ಈಗ ನೋಯುವವರು ನಾವಿಬ್ಬರೇ.

ನಿನ್ನ ತಮ್ಮ


ಏಪ್ರಿಲ್ 12

ತಮ್ಮಾ,

ಬೈಯುವುದಿಲ್ಲ. ಜ್ವರದ ಮಗುವಿನ ಮುಂದೆ ಭಾಗಾಕಾರ ಎಷ್ಟರದು ಎಂದು ನನಗೂ ಗೊತ್ತು. ಒಂದು ಸಾಲು ಬರೆದಿದ್ದರೆ ನಿನ್ನ ಪಾಲನ್ನೂ ನಾನೇ ಮಾಡುತ್ತಿದ್ದೆ. ನಿನ್ನ ಹೋಂವರ್ಕು ಮಾಡಿಕೊಟ್ಟು ಅಭ್ಯಾಸವಿದ್ದ ಕೈ ಇದು. ಒಂದು ಸಾಲು ಬರೆಯಲಿಲ್ಲವಲ್ಲ ಎನ್ನುವುದೇ ನೋವು. ಅದನ್ನೂ ಹೊಟ್ಟೆಗೆ ಹಾಕಿಕೊಳ್ಳಲು ನೋಡುತ್ತಿದ್ದೇನೆ.

ಆದರೆ ಇನ್ನೊಂದು ವಿಷಯ ಕೊರೆಯುತ್ತಿದೆ. ಇಷ್ಟು ದಿನ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿಬಿಟ್ಟಿದ್ದೆ.

ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ನಾನು ಅಪ್ಪನ ದಿನದ ಮಾತ್ರೆಗಳನ್ನು ಸ್ಟೀಲ್ ತಟ್ಟೆಯಲ್ಲಿ ಇಟ್ಟು ಹೋಗುತ್ತಿದ್ದೆ. ಏಳು ಮಾತ್ರೆ. ಎಷ್ಟೋ ವರ್ಷ ಅವರು ಅದನ್ನು ಎಣಿಸಿ ನೋಡಿದವರಲ್ಲ, ಹೊತ್ತುಹೊತ್ತಿಗೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಾವು ಗಟ್ಟಿಗನ ಉತ್ತರ ಹೇಳಿ, ನೀನು ಎರಡು ದಿನ ಇದ್ದು ಹೋದೆಯಲ್ಲ, ಅದರ ಮಾರನೆಯ ದಿನದಿಂದ ಎಣಿಸತೊಡಗಿದರು. ನನ್ನ ಎದುರಿಗೇ, ಬೆರಳಲ್ಲಿ ಒಂದೊಂದನ್ನೇ ತಟ್ಟೆಯ ಅಂಚಿಗೆ ಸರಿಸಿ. ಆಮೇಲೆ ಕೆಳಗಿನ ಮನೆಯ ಟೈಲರನ್ನು ಕೂಗಿ ಅವರಿಂದಲೂ ಎಣಿಕೆ ಮಾಡಿಸುತ್ತಿದ್ದರು. ನಾನು ಜ್ವರ ನೋಡಿ ಎಷ್ಟು ಎಂದು ಹೇಳಿದರೂ "ಟೈಲರ್ ಬರಲಿ, ಇನ್ನೊಂದು ಸಲ ನೋಡಲಿ" ಎನ್ನುತ್ತಿದ್ದರು. ಟೈಲರ್ ಒಂದು ದಿನ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, "ಬೇಜಾರು ಮಾಡ್ಕೋಬೇಡಮ್ಮಾ, ವಯಸ್ಸಾದ ಮೇಲೆ ಹಂಗೇ" ಎಂದರು. ನಾನೂ ಹಾಗೇ ನಂಬಿದೆ.

ಹೋಗುವ ಮೂರು ದಿನ ಮುಂಚೆ ನನ್ನ ಕೈ ಹಿಡಿದುಕೊಂಡು ಕೇಳಿದರು, "ಒಂದು ಕೇಳ್ತೀನಿ, ನಿಜ ಹೇಳು. ಗಟ್ಟಿಗನ ಲೆಕ್ಕ, ನಿನ್ನ ಪಾಲಿಂದು, ಎಲ್ಲಾ ಮಾಡಿದ್ಯಾ?"

"ಮಾಡಿದೀನಿ ಅಪ್ಪಾ. ಒಂದೂ ಬಿಟ್ಟಿಲ್ಲ."

"ಒಂದೂ?"

"ಒಂದೂ ಬಿಟ್ಟಿಲ್ಲಪ್ಪಾ."

ಕೈ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದರು. ಆಯಾಸ ಎಂದುಕೊಂಡು ಹೊದಿಕೆ ಸರಿಮಾಡಿ ಬಂದೆ.

ಸೊನ್ನೆ ಬರಬೇಕಾದದ್ದು 4673ಕ್ಕೆ ಎಂದು ಅವರಿಗೆ ಗೊತ್ತಿತ್ತು. ಅದು ಯಾರ ಪಾಲಿಗೆ ಬಂದಿತ್ತು ಎನ್ನುವುದು ಮಾತ್ರ ಗೊತ್ತಿರಲಿಲ್ಲ, ಹಂಚಿಕೊಂಡವರು ನಾವು. ಹಾಗಿದ್ದ ಮೇಲೆ ಅನುಮಾನ ಇಬ್ಬರ ಮೇಲೂ ಅರ್ಧರ್ಧ ಇರಬೇಕಿತ್ತಲ್ಲವೇ? ನನ್ನೊಬ್ಬಳ ಮೇಲೇ ಯಾಕೆ ಬಂತು? ಆ ಎರಡು ದಿನದಲ್ಲಿ ಅವರು ನಿನ್ನನ್ನು ಏನಾದರೂ ಕೇಳಿದರೇ?

ನಿನ್ನ ಅಕ್ಕ


ಜೂನ್ 2

ತಮ್ಮಾ,

ಐವತ್ತು ದಿನವಾಯಿತು. ಅಂಚೆಯಲ್ಲಿ ಕಳೆದಿರಬೇಕು ಎಂದು ನೆಪ ಹೇಳಬೇಡ, ನಾನು ಇರುವುದು ಯಾವ ಆಫೀಸಿನಲ್ಲಿ ಎಂದು ನಿನಗೆ ಗೊತ್ತು. ಪತ್ರ ನಿನ್ನ ಕೈ ಸೇರಿದ ತಾರೀಕು ಸಹಿತ ವಿಚಾರಿಸಿದ್ದೇನೆ.

ಕೇಳಿದ್ದು ಒಂದೇ ಪ್ರಶ್ನೆ.

ಅಕ್ಕ


ಜೂನ್ 17

ಅಕ್ಕಾ,

ಕೇಳಿದರು.

ಬಂದ ಎರಡನೇ ದಿನ. ನೀನು ಕೆಲಸಕ್ಕೆ ಹೋಗಿದ್ದೆ. ಕಿಟಕಿಯ ಹತ್ತಿರ ನಾನು ಅವರಿಗೆ ಕ್ಷೌರ ಮಾಡುತ್ತಿದ್ದೆ, ಮುಖದ ತುಂಬ ಸೋಪಿನ ನೊರೆ. "ಹೇಗೆ ಹಂಚಿಕೊಂಡಿದ್ರಿ?" ಎಂದು ಕೇಳಿದರು. ಕೊನೆಯ ಅಂಕಿ ನೋಡಿ, ಒಂದು, ಏಳು ಒಬ್ಬರಿಗೆ, ಮೂರು, ಒಂಬತ್ತು ಇನ್ನೊಬ್ಬರಿಗೆ ಎಂದೆ. "ಮೂರು, ಒಂಬತ್ತು ಯಾರ ಪಾಲು?" ಎಂದರು.

ಅಪ್ಪ ಸುಮ್ಮನೆ ಕೇಳುವವರಲ್ಲ. ಆ ಕ್ಷಣಕ್ಕೇ ನನಗೆ ಹೊಳೆಯಿತು, ಮೂರರಲ್ಲೋ ಒಂಬತ್ತರಲ್ಲೋ ಏನೋ ಇದೆ, ಅದು ಇವರಿಗೆ ಗೊತ್ತು ಎಂದು. ಕೈಯಲ್ಲಿ ಬ್ಲೇಡು ಹಾಗೇ ನಿಂತಿತು.

"ಅಕ್ಕಂದು" ಎಂದೆ.

ಅವರು "ಅವಳಾ?" ಎಂದರು. ಇನ್ನೊಂದು ಸಲ, "ಅವಳಾ?" ಎಂದರು. ನಾನು ಹೂಂ ಎಂದೆ. ಮುಂದೆ ಏನೂ ಕೇಳಲಿಲ್ಲ. ನಂಬಲು ಅವರಿಗೆ ಇಷ್ಟವಿರಲಿಲ್ಲ ಅಕ್ಕಾ, ಅದನ್ನು ನಾನು ಕಣ್ಣಾರೆ ನೋಡಿದೆ.

ಊರಿಗೆ ಹೋದವನೇ 1289ರಿಂದ ಶುರು ಮಾಡಿದೆ. ದಿನಕ್ಕೆ ಐದಾರು. ಆರನೇ ವಾರ 4673ಕ್ಕೆ ಸೊನ್ನೆ ಬಂತು. ಅದು ನಿನ್ನ ನಂಬರು ಎಂದು ಆಗ ತಿಳಿದಿರಲಿಲ್ಲ. ಅಪ್ಪನಿಗೆ ಪತ್ರ ಬರೆದೆ, ತಪ್ಪು ನನ್ನದು ಎಂದು. ಕವರಿಗೂ ಹಾಕಿದೆ. ಆದರೆ ಅದನ್ನು ಅವರಿಗೆ ಓದಿ ಹೇಳಬೇಕಾದವಳು ನೀನು. ಹಾಗಾಗಿ ಅಂಚೆಗೆ ಹಾಕಲಿಲ್ಲ. ಇವತ್ತು ಹಾಕೋಣ, ನಾಳೆ ಹಾಕೋಣ ಎನ್ನುತ್ತಿದ್ದಾಗ ಅಪ್ಪ ಹೋದರು ಎಂದು ಫೋನ್ ಬಂತು.

ಇವನು ಮೇಷ್ಟ್ರಾದ ಎಂದು ಅವರು ಊರೆಲ್ಲ ಹೇಳಿಕೊಂಡು ಓಡಾಡಿದವರು. ಲೆಕ್ಕದಲ್ಲೇ ನಾನು ಮೋಸ ಮಾಡಿದೆ ಎಂದು ಅವರಿಗೆ ಗೊತ್ತಾಗುವುದು ನನಗೆ ಬೇಡವಾಗಿತ್ತು. ನಿನ್ನ ಮೇಲೆ ಹಾಕಿದರೆ ಅವರು ಒಂದು ದಿನ ಬೇಜಾರು ಮಾಡಿಕೊಂಡು ಮರೆಯುತ್ತಾರೆ ಎಂದುಕೊಂಡೆ. ನೀನು ಅವರ ಜೊತೆಗೇ ಇರುವವಳು. ಮಾತ್ರೆಯ ವಿಷಯ ನೀನು ಬರೆಯುವ ತನಕ ನನಗೆ ಗೊತ್ತಿರಲಿಲ್ಲ. ಕ್ಷಮಿಸು ಎಂದು ಕೇಳಲು ಬಾಯಿಲ್ಲ.

ತಮ್ಮ


ಜುಲೈ 5

ಈ ಪತ್ರದ ಜೊತೆ ಪಾರ್ಸಲ್ ಇದೆ. ನಾನೇ ತೂಕ ಮಾಡಿ ಕಟ್ಟಿದ್ದು.

ಅದರಲ್ಲಿ ನಿನ್ನ ನೋಟ್‌ಬುಕ್ಕು ಇದೆ. 1289ರಿಂದ ಮುಂದಿನ ನಿನ್ನ ಶೇಷಗಳನ್ನು ಹೊಡೆದುಹಾಕಿ ಪಕ್ಕದಲ್ಲಿ ಸರಿಯಾದದ್ದನ್ನು ಬರೆದಿದ್ದೇನೆ. 4673 ಬಂದ ಮೇಲೂ ನಿಲ್ಲಿಸಲಿಲ್ಲ, 5923ರ ತನಕ ಹೋದೆ. ಬೇಕಿರಲಿಲ್ಲ, ನನಗೆ ಗೊತ್ತು. ಆದರೆ ಒಂದೂ ಬಿಟ್ಟಿಲ್ಲ ಎಂದು ಅಪ್ಪನಿಗೆ ಹೇಳಿದ್ದೆ. ಏಳುನೂರ ಎಪ್ಪತ್ತಾರರಲ್ಲಿ ಸೊನ್ನೆ ಬಂದದ್ದು ಒಂದೇ ಕಡೆ.

7517ರ ಚೀಟಿ ನಿನ್ನದು, ಇಟ್ಟುಕೊ. 4673 ನನ್ನ ಹತ್ತಿರ ಇರಲಿ.

ಗೋಡೆಯ ಮೇಲಿನ ಗಟ್ಟಿಗನನ್ನು ರಜೆಯಲ್ಲಿ ಯಾರಿಗೂ ಕಾಣದ ಹಾಗೆ ಅಳಿಸಬೇಡ. ಶಾಲೆ ತೆರೆದಿರುವಾಗ, ಮಕ್ಕಳೆಲ್ಲ ಕೂತಿರುವಾಗ, ಕಪ್ಪುಹಲಗೆಯ ಮೇಲೆ ಅವನನ್ನು 4673ರಿಂದ ಭಾಗಿಸು. ಪೂರ್ತಿ, ಕೈಯಲ್ಲಿ. ಸೊನ್ನೆ ಬಂದ ಮೇಲೆ, ಇದು ಯಾರ ಪಾಲಾಗಿತ್ತು ಸರ್ ಎಂದು ಯಾರೂ ಕೇಳುವುದಿಲ್ಲ. ನೀನಾಗಿಯೇ ಹೇಳಬೇಕು.

ಅಪ್ಪನಿಗೆ ನಂಬಲು ಇಷ್ಟವಿರಲಿಲ್ಲ ಎಂದು ಬರೆದಿದ್ದೀಯ, ನನಗೆ ಸಮಾಧಾನವಾಗಲಿ ಎಂದು. ಇಷ್ಟವಿರಲಿಲ್ಲ, ಆದರೂ ನಂಬಿದರು. ನೀನು ಹೇಳಿದೆ ಎಂದು ನಂಬಿದರು. ನನ್ನ ಕೈ ಹಿಡಿದುಕೊಂಡು ಕೇಳಿದಾಗ ನನ್ನಿಂದ ಒಂದು ನಿಜ ಕೇಳಿಸಿಕೊಂಡು ಹೋಗೋಣ ಎಂದುಕೊಂಡಿದ್ದರು. ನಾನು ನಿಜವನ್ನೇ ಹೇಳಿದೆ, ಅವರಿಗೆ ಅದು ಸುಳ್ಳಾಗಿ ಕೇಳಿಸಿತು. ಮಗಳು ಸಾಯುವವನ ಮುಂದೆಯೂ ಸುಳ್ಳು ಹೇಳಿದಳು ಎಂದುಕೊಂಡು ಗೋಡೆಯ ಕಡೆ ತಿರುಗಿದರು. ಅವರನ್ನು ಈ ಕಡೆ ತಿರುಗಿಸಿ ಹೇಳಲು ಈಗ ನನಗೂ ಆಗುವುದಿಲ್ಲ, ನಿನಗೂ ಆಗುವುದಿಲ್ಲ.

ಮಗುವಿಗೆ ನನ್ನನ್ನು ನೋಡಬೇಕೆನಿಸಿದರೆ ಕಳಿಸು. ನೀನು ಬರಬೇಡ. ಪತ್ರವೂ ಬೇಡ.

ನಾಲ್ಕು ತಿಂಗಳು, ದಿನವೂ ಬೆಳಿಗ್ಗೆ, ತಟ್ಟೆಯಲ್ಲಿ ಏಳು ಮಾತ್ರೆ. ಅಪ್ಪ ಎಣಿಸುತ್ತಿದ್ದರು, ಆಮೇಲೆ ಟೈಲರ್ ಎಣಿಸುತ್ತಿದ್ದರು, ಏಳೇ ಇರುತ್ತಿತ್ತು. ಒಂದು ದಿನವೂ ಒಂದು ಹೆಚ್ಚಾಗಲಿಲ್ಲ, ಒಂದು ಕಡಿಮೆಯಾಗಲಿಲ್ಲ. ಮಾರನೆಯ ದಿನ ಮತ್ತೆ ಎಣಿಸುತ್ತಿದ್ದರು.

ಅಪ್ಪನ ಮಗಳು